ಮದುವೆ ಮನೆಯ ‘ಎಸ್‌ಪ್ರೆಸ್ಸೊ’: ಹಬೆಯೇ ಬೇರೆ, ಒತ್ತಡವೇ ಬೇರೆ

ಮಸ್ಕಿಯಂಥ ಊರಿನ ಮದುವೆಗಳಲ್ಲಿ ಊಟ ಮುಗಿಸಿ ಹೊರಬಂದವರನ್ನು ಸೆಳೆಯುವುದು ‘ಬುಸ್’ ಎನ್ನುವ ಹಬೆಯ ಸದ್ದು. ಕಪ್ಪಿನಲ್ಲಿ ದಿಢೀರ್ ಕಾಫಿ ಪುಡಿ, ಸಕ್ಕರೆ, ಹಾಲು; ಬಾಯ್ಲರಿನ ಕೊಳವೆಯಿಂದ ಹಬೆ ನುಗ್ಗಿದೊಡನೆ ನೊರೆ ಉಕ್ಕುತ್ತದೆ. ಮೇಲೊಂದು ಚಿಟಿಕೆ ಚಾಕೊಲೇಟ್ ಪುಡಿ ಉದುರಿಸಿದರೆ ‘ಎಸ್‌ಪ್ರೆಸ್ಸೊ’ ಸಿದ್ಧ. ಇಟಲಿಯವರು ಈ ಹೆಸರನ್ನು ಒಪ್ಪಲಾರರು, ರುಚಿಗೇನೂ ಕೊರತೆಯಿಲ್ಲ!

ನಿಜವಾದ ಎಸ್‌ಪ್ರೆಸ್ಸೊ ಇಳಿಸಲು ಹಬೆ ಬೇಕಿಲ್ಲ. ನುಣ್ಣಗೆ ಬೀಸಿ ಅದುಮಿದ ಸುಮಾರು 7 ಗ್ರಾಂ ಪುಡಿಯ ಮೂಲಕ, 90 ಡಿಗ್ರಿ ಸೆಲ್ಸಿಯಸ್ ದಾಟಿದ, ಆದರೆ ಕುದಿಯದ ನೀರು 9 ಬಾರ್ ಒತ್ತಡದಲ್ಲಿ 25-30 ಸೆಕೆಂಡುಗಳಲ್ಲಿ ಹಾದು ಬರಬೇಕು. ಟ್ಯೂರಿನ್ನಿನ ಆಂಜೆಲೊ ಮೊರಿಯೊಂಡೊ 1884ರಲ್ಲಿ, ಮಿಲಾನಿನ ಲುಯಿಜಿ ಬೆಝೆರಾ 1901ರಲ್ಲಿ ಪೇಟೆಂಟ್ ಕೋರಿದ ಯಂತ್ರಗಳು ಹಬೆಯನ್ನೇ ನೆಚ್ಚಿದ್ದವು. ಅಂಥ ಯಂತ್ರಗಳಲ್ಲಿ ದೊರೆಯುತ್ತಿದ್ದ ಒತ್ತಡ ಒಂದೂವರೆ ಬಾರ್ ಆಸುಪಾಸು. ಅದನ್ನು ಏರಿಸಹೊರಟರೆ ನೀರಿನ ಬಿಸಿಯೂ ಏರಿ ಕಾಫಿ ಕಹಿಯಾಗುತ್ತಿತ್ತು.

ಒತ್ತಡವನ್ನು ಬಿಸಿಯಿಂದ ಬೇರ್ಪಡಿಸಿದಾಗಲೇ ಈ ಗಂಟು ಬಿಚ್ಚಿಕೊಂಡಿತು. ಎರಡನೆಯ ಮಹಾಯುದ್ಧದ ನಂತರ ಅಕಿಲೆ ಗಾಜ್ಜಿಯಾ ಯಂತ್ರದಲ್ಲಿ ಸನ್ನೆಕೋಲು ಎಳೆದರೆ ಸ್ಪ್ರಿಂಗ್ ಮತ್ತು ಪಿಸ್ಟನ್ ನೀರನ್ನು ತಳ್ಳಿದವು. ಕಾಫಿಯ ಮೇಲೆ ಹೊಂಬಣ್ಣದ ಕೆನೆ ಕಟ್ಟಿತು. 1961ರ ಫಾಯೆಮಾ ‘ಇ61’ ತೋಳಿನ ಕೆಲಸವನ್ನು ವಿದ್ಯುತ್ ಪಂಪಿಗೆ ವಹಿಸಿತು. ಬಾಯ್ಲರಿನೊಳಗೆ ಹಾದುಹೋಗುವ ಕೊಳವೆಯಲ್ಲಿ ಹೊಸ ನೀರು ಕಾಯುತ್ತದೆ. ಬಾಯ್ಲರಿನ ಹಬೆ ಹಾಲಿಗೆ ಮಾತ್ರ. ಅಂದಹಾಗೆ, ಆ ಕೆನೆ ದಟ್ಟವಾಗಲೆಂದು ಇಟಲಿಯವರು ಬೆರೆಸುವ ರೊಬಸ್ಟಾ ಬೀಜದಲ್ಲಿ ಕರ್ನಾಟಕದ ತೋಟಗಳ ಪಾಲೂ ಇದೆ.

ಮದುವೆ ಮನೆಯ ಯಂತ್ರ ಸರಳವಾದುದು. ಆದರೆ ಅಪಾಯ ಸರಳವಲ್ಲ. ಗೇಜಿನ ಮುಳ್ಳು ಒಂದೂವರೆ ಬಾರ್ ತೋರುವಾಗ ಒಳಗಿನ ನೀರು ಸುಮಾರು 127 ಡಿಗ್ರಿಯಷ್ಟು ಕಾದಿರುತ್ತದೆ. ಬಾಯ್ಲರ್ ಬಿರಿದರೆ ಆ ನೀರಿನ ಒಂದು ಪಾಲು ತತ್‌ಕ್ಷಣ ಹಬೆಯಾಗಿ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಸುತ್ತ ನಿಂತವರಲ್ಲಿ ಮಕ್ಕಳೇ ಹೆಚ್ಚು. ಇದನ್ನು ತಡೆಯುವುದು ಸೇಫ್ಟಿ ವಾಲ್ವ್ ಎಂಬ ಪುಟ್ಟ ಬಿಡಿಭಾಗ.

ರಾಯಚೂರು ಜಿಲ್ಲೆಯಲ್ಲಿ ಸವಳು, ಗಡಸು ನೀರಿನ ಕೊಳವೆಬಾವಿಗಳಿಗೆ ಬರವಿಲ್ಲ. ಇಂಥ ನೀರು ಕಾದಂತೆಲ್ಲ ಸುಣ್ಣದಂಥ ಪದರ ಬಾಯ್ಲರಿನ ಗೋಡೆಗೂ ವಾಲ್ವಿನ ಬಾಯಿಗೂ ಅಂಟುತ್ತದೆ. ಹಾಗೆ ಅಂಟಿದ ವಾಲ್ವ್ ಸೋರತೊಡಗಬಹುದು, ಇಲ್ಲವೇ ತೆರೆಯದೇ ಉಳಿಯಬಹುದು. ಸೋರುತ್ತದೆಂದು ಅದನ್ನು ಬಿಗಿದು ಮುಚ್ಚುವುದಂತೂ ಆಹ್ವಾನಿತ ಅನಾಹುತ. ಶುದ್ಧೀಕರಣ ಘಟಕದ ನೀರನ್ನೇ ತುಂಬುವುದು ಲೇಸು. ಯಂತ್ರ ತಣ್ಣಗಿರುವಾಗಲೂ ಗೇಜಿನ ಮುಳ್ಳು ಸೊನ್ನೆಗೆ ಮರಳದಿದ್ದರೆ ಅಂದಿನ ಕಾಫಿಯನ್ನು ಪಾತ್ರೆಯಲ್ಲೇ ಕಾಯಿಸಬೇಕು.