ಮಾಳಿಗೆಯಿಂದ ಮಾಳಿಗೆಗೆ: ಹಲವು ಬೆಕ್ಕುಗಳ ಮನೆಯಲ್ಲಿ ಒಂದು ಕಾಣೆಯಾದಾಗ

ರೋಣ, ನರಗುಂದ, ಗಜೇಂದ್ರಗಡ ಸೀಮೆಯಲ್ಲಿ ಬೆಕ್ಕು ಸಾಕಿದ ಮನೆ ಬಹಳ ದಿನ ಒಂದೇ ಬೆಕ್ಕಿನ ಮನೆಯಾಗಿ ಉಳಿಯುವುದಿಲ್ಲ. ಒಂದು ಹೆಣ್ಣುಬೆಕ್ಕು ಅಟ್ಟದ ಮೇಲೋ ಹೊಟ್ಟಿನ ಕೋಣೆಯಲ್ಲೋ ಮರಿ ಹಾಕುತ್ತದೆ. ಅವುಗಳಲ್ಲಿ ಎರಡು ಬದುಕಿ ಅಲ್ಲೇ ಬೆಳೆಯುತ್ತವೆ, ವರ್ಷ ತುಂಬುವಷ್ಟರಲ್ಲಿ ಅವೂ ತಾಯಾಗುತ್ತವೆ. ಇದಕ್ಕೆಲ್ಲ ಮೂಲ ಈ ನೆಲದ ಕಾಳು. ಎರೆಭೂಮಿಯಲ್ಲಿ ಬಿಳಿಜೋಳ, ಕಡಲೆ, ಗೋಧಿ, ಹೆಸರು ಬೆಳೆದು ಮೊದಲು ಹಗೇವುಗಳಲ್ಲಿ, ಈಗ ಚೀಲಗಳಲ್ಲಿ ಕಾಳು ಕೂಡಿಡುವ ಊರುಗಳಿವು. ಕಾಳಿದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಮನುಷ್ಯ ಮತ್ತು ಬೆಕ್ಕಿನ ನಂಟು ಬೆಸೆದುಕೊಂಡದ್ದೇ ಕಣಜದ ಬಳಿ. ಪಶ್ಚಿಮ ಏಷ್ಯಾದಲ್ಲಿ ಬೇಸಾಯ ಶುರುವಾದ ಕಾಲದಲ್ಲಿ ಕಾಡಿನ ಬೆಕ್ಕು ಊರಿನ ಅಂಚಿಗೆ ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಹೂತಿಟ್ಟ ಬೆಕ್ಕು ಸಿಕ್ಕಿದೆ. ಈ ಶೋಧ 2004ರಲ್ಲಿ ಪ್ರಕಟವಾಯಿತು.

ಬೆಕ್ಕು ಬೇಟೆಯಲ್ಲಿ ಒಂಟಿ, ಆದರೆ ಬಾಳುವೆಯಲ್ಲಿ ಪೂರ್ತಿ ಒಂಟಿಯಲ್ಲ. ತಿನ್ನಲು ಸಾಕಷ್ಟು ಸಿಗುವ ಜಾಗದಲ್ಲಿ ತಾಯಿ, ಮಗಳು, ಅಕ್ಕ, ತಂಗಿ ಹೀಗೆ ರಕ್ತಸಂಬಂಧದ ಹೆಣ್ಣುಗಳು ಗುಂಪು ಕಟ್ಟುತ್ತವೆ. ಒಂದರ ಮರಿಗೆ ಇನ್ನೊಂದು ಹಾಲೂಡಿಸುವುದೂ ಉಂಟು. ಬಾಲ ನೆಟ್ಟಗೆ ಎತ್ತಿಕೊಂಡು ಎದುರು ಬರುವುದು, ಕೆನ್ನೆಗೆ ಕೆನ್ನೆ ತೀಡುವುದು, ಪರಸ್ಪರ ತಲೆ ನೆಕ್ಕುವುದು ಒಂದೇ ಬಳಗದವರ ಗುರುತು. ಬೆಳೆದ ಗಂಡುಬೆಕ್ಕು ಮಾತ್ರ ಈ ಬಳಗದ ಅಂಚಿನಲ್ಲೇ ಉಳಿದು ನಾಲ್ಕಾರು ಓಣಿ ಸುತ್ತುತ್ತದೆ. ಹೊಸ ಬೆಕ್ಕೊಂದನ್ನು ತಂದು ಏಕಾಏಕಿ ಹಳೆಯವುಗಳ ನಡುವೆ ಬಿಟ್ಟರೆ ಜಗಳ ಖಂಡಿತ, ಸೋತದ್ದು ಮನೆ ಬಿಡುವುದೂ ಖಂಡಿತ. ಮನೆಯೊಳಗಿನ ಬೆಕ್ಕುಗಳಲ್ಲೇ ಒಂದು ದಿನೇದಿನೇ ದೂರ ಮಲಗುತ್ತ, ಎಲ್ಲವೂ ಉಂಡ ಮೇಲೆ ತಾನು ಬರುತ್ತಿದ್ದರೆ ಅದನ್ನು ಉಳಿದವು ಹೊರದಬ್ಬುತ್ತಿವೆ ಎಂದೇ ತಿಳಿಯಬೇಕು. ಮುಂದೆ ಕಾಣೆಯಾಗುವುದು ಹೆಚ್ಚಾಗಿ ಅದೇ. ತಾಟುಗಳನ್ನು ಒಂದರ ಪಕ್ಕ ಒಂದು ಇಡದೆ ಬೇರೆ ಬೇರೆ ಮೂಲೆಯಲ್ಲಿಡುವುದು, ಒಂದಾದರೂ ತಾಟನ್ನು ಎತ್ತರದ ಕಟ್ಟೆಯ ಮೇಲಿಡುವುದು ದೊಡ್ಡ ಉಪಾಯವೇನಲ್ಲ, ಆದರೆ ಜಗಳ ತಗ್ಗಿಸುತ್ತದೆ. ಹಿತ್ತಲಿಲ್ಲದ ಮನೆಯಲ್ಲಿ ಮಲವಿಸರ್ಜನೆಗೆ ಮಣ್ಣಿನ ಬುಟ್ಟಿಗಳು ಬೆಕ್ಕುಗಳ ಎಣಿಕೆಗಿಂತ ಒಂದು ಹೆಚ್ಚಿಗೆ ಇರಬೇಕು ಎನ್ನುವುದು ಪಶುವೈದ್ಯರ ಲೆಕ್ಕ.

ಊಟದ ಮಾತನ್ನು ಇಲ್ಲಿ ತುಸು ಬಿಡಿಸಿ ಹೇಳಬೇಕು. ಶಾಕಾಹಾರದ ಮನೆಗಳು ಹೆಚ್ಚಿರುವ ಈ ಭಾಗದಲ್ಲಿ ಬೆಕ್ಕಿಗೆ ಸಿಗುವುದು ಹಾಲಲ್ಲಿ ನೆನೆಸಿದ ರೊಟ್ಟಿ. ಆದರೆ ಬೆಕ್ಕಿನ ದೇಹ ಮಾಂಸಕ್ಕೇ ಕಟ್ಟಿದ್ದು. ಟಾರಿನ್ ಎಂಬ ಪೋಷಕಾಂಶ ಸಿಗದಿದ್ದರೆ ಬೆಕ್ಕಿನ ಕಣ್ಣಿನ ಪರದೆ ಹಾಳಾಗುತ್ತದೆಂದು 1975ರಲ್ಲಿ, ಹೃದಯವೂ ದುರ್ಬಲವಾಗುತ್ತದೆಂದು 1987ರಲ್ಲಿ ತಿಳಿದುಬಂತು. ರೊಟ್ಟಿಯಲ್ಲಿ ಟಾರಿನ್ ಇಲ್ಲ, ಹಾಲಿನಲ್ಲಿರುವುದು ಸಾಲದು. ಮೇಲಾಗಿ ಬೆಳೆದ ಅನೇಕ ಬೆಕ್ಕುಗಳಿಗೆ ಹಾಲಿನ ಸಕ್ಕರೆ ಅರಗದೆ ಭೇದಿಯಾಗುತ್ತದೆ. ತಲೆಮಾರುಗಳಿಂದ ಇಲ್ಲಿನ ಬೆಕ್ಕುಗಳು ರೊಟ್ಟಿ ತಿಂದೇ ಬದುಕಿವೆ ಎನಿಸಿದರೂ ಅವುಗಳ ಕಣ್ಣು, ಹೃದಯ ಕಾಪಾಡಿದ್ದು ರಾತ್ರಿ ಹಿಡಿದು ತಿಂದ ಇಲಿ. ಬೇಸಿಗೆಯಲ್ಲಿ ಎರೆ ಬಿರಿದು ಬಾಯಿ ಬಿಟ್ಟಾಗ ಆ ಬಿರುಕುಗಳ ಬಳಿ ಕಾದು ಕೂರುವುದು ಅವುಗಳಿಗೆ ಹೊಟ್ಟೆಪಾಡು. ಹೊರಗೆ ಬಿಡದೆ ಸಾಕುವವರು ಮೀನು, ಮಾಂಸ ಇಲ್ಲವೆ ಟಾರಿನ್ ಸೇರಿಸಿದ ಪ್ಯಾಕೆಟ್ ಆಹಾರ ಕೊಡಲೇಬೇಕು. ಹಸಿದ ಬೆಕ್ಕು ದೂರ ಹೋಗುತ್ತದೆ, ದೂರ ಹೋದದ್ದು ಕಾಣೆಯಾಗುತ್ತದೆ.

ಸಂಖ್ಯೆಯ ಪ್ರಶ್ನೆಯನ್ನೂ ಮುಂದೂಡುವಂತಿಲ್ಲ. ಹೆಣ್ಣುಬೆಕ್ಕು 5–6 ತಿಂಗಳಿಗೇ ಬೆದೆಗೆ ಬರಬಹುದು. ಗರ್ಭದ ಅವಧಿ ಸುಮಾರು 63ರಿಂದ 65 ದಿನ, ಒಂದು ಸೂಲಿಗೆ ಮೂರರಿಂದ ಐದು ಮರಿ, ವರ್ಷಕ್ಕೆ ಎರಡು ಮೂರು ಸೂಲು. ಬೆಕ್ಕನ್ನು ಕೊಂದ ಪಾಪ ಬಂಗಾರದ ಬೆಕ್ಕು ದಾನ ಮಾಡಿದರೂ ಕಳೆಯದು ಎಂಬ ನಂಬಿಕೆಯಿಂದ ಯಾರೂ ಮರಿಗಳನ್ನು ಕೊಲ್ಲುವುದಿಲ್ಲ. ಆದರೆ ಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟು ಬರುತ್ತಾರೆ. ಕಣ್ಣು ಬಿಟ್ಟು ವಾರವೂ ಆಗದ ಮರಿಗೆ ಇದು ಸಾವೇ ಹೊರತು ಬೇರೇನಲ್ಲ. ಸಾಕಿದ ಪ್ರಾಣಿಯನ್ನು ಹಸಿವು, ನೀರಡಿಕೆಗೆ ಈಡಾಗುವಂತೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಡಿ ಅಪರಾಧವೂ ಹೌದು. ದಾರಿ ಒಂದೇ: ಸಂತಾನಹರಣ ಶಸ್ತ್ರಚಿಕಿತ್ಸೆ. ಗಂಡಿಗೆ ಮಾಡಿಸಿದರೆ ತಿರುಗಾಟ, ಕಾದಾಟ ಎರಡೂ ಇಳಿಯುತ್ತವೆ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ವಿಚಾರಿಸಬಹುದು, ಜಿಲ್ಲಾ ಕೇಂದ್ರ ಗದಗದಲ್ಲಿ ಪಶುವೈದ್ಯಕೀಯ ಕಾಲೇಜೂ ಇದೆ. ಅದೇ ಭೇಟಿಯಲ್ಲಿ ರೇಬೀಸ್ ಲಸಿಕೆ ಹಾಕಿಸುವುದು ಒಳಿತು, ಏಕೆಂದರೆ ಊರೂರು ತಿರುಗುವ ಬೆಕ್ಕಿಗೆ ನಾಯಿಕಡಿತ ತಪ್ಪಿದ್ದಲ್ಲ.

ಇಷ್ಟೆಲ್ಲ ನೋಡಿಕೊಂಡರೂ ಒಂದು ಸಂಜೆ ತಾಟಿನ ಮುಂದೆ ಒಂದು ಬೆಕ್ಕು ಕಡಿಮೆಯಾಗುತ್ತದೆ. ಎಲ್ಲಿ ಹೋಗಿರಬಹುದು ಎನ್ನುವುದಕ್ಕೆ ಉತ್ತರ ಈ ಸೀಮೆಯ ಮನೆಗಳ ಕಟ್ಟೋಣದಲ್ಲೇ ಇದೆ. ಇಲ್ಲಿನ ಹಳೆಯ ಮನೆಗಳು ಗೋಡೆಗೆ ಗೋಡೆ ತಾಗಿ ನಿಂತ ಮಣ್ಣಿನ ಮಾಳಿಗೆಯವು. ಓಣಿಯ ಒಂದು ತುದಿಯಲ್ಲಿ ಮಾಳಿಗೆ ಏರಿದ ಬೆಕ್ಕು ನೆಲಕ್ಕೆ ಕಾಲಿಡದೆ ಇನ್ನೊಂದು ತುದಿ ಮುಟ್ಟುತ್ತದೆ. ಪ್ರತಿ ಮಾಳಿಗೆಯಲ್ಲೂ ಬೆಳಕಿಂಡಿ. ಇಲಿಯ ವಾಸನೆ ಹಿಡಿದು ಅದರಿಂದ ಒಳಗಿಳಿದ ಬೆಕ್ಕಿಗೆ ಜಂತಿಯಿಂದ ನೆಲಕ್ಕೆ ಹಾರುವುದು ಸುಲಭ, ನೆಲದಿಂದ ಕಿಂಡಿಗೆ ಮರಳಿ ಹಾರುವುದು ಆಗದ ಮಾತು. ಮನೆಯಲ್ಲಿ ಜನರಿದ್ದರೆ ಬಾಗಿಲು ತೆರೆದಾಗ ಹೊರಬರುತ್ತದೆ. ಆದರೆ ಮಳೆ ಕೈಕೊಟ್ಟ ವರ್ಷ ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋದವರ ಮನೆಗೆ ತಿಂಗಳುಗಟ್ಟಲೆ ಬೀಗ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆ, ಭಾರತ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡ ಎಂದು ಮನೆಮಂದಿಯೆಲ್ಲ ಹೊರಟಾಗಲೂ ಬೀಗ. ಅಂಥ ಮನೆಯೊಳಗೆ ಸಿಕ್ಕಿಕೊಂಡ ಬೆಕ್ಕು ಮೊದಲ ಎರಡು ದಿನ ಕೂಗುತ್ತದೆ, ಆಮೇಲೆ ಕೂಗುವ ಶಕ್ತಿಯೂ ಉಳಿಯುವುದಿಲ್ಲ.

ಸುಗ್ಗಿ ಇನ್ನೊಂದು ಗಂಡಾಂತರದ ಕಾಲ. ಕಡಲೆ, ಜೋಳದ ರಾಶಿ ಮುಗಿದ ಮೇಲೆ ಕಣಿಕೆಯ ಬಣವೆ ಒಟ್ಟುತ್ತಾರೆ, ಹೊಟ್ಟನ್ನು ಕೋಣೆಗೆ ತುಂಬುತ್ತಾರೆ. ಮೆತ್ತನೆಯ ಹೊಟ್ಟಿನಲ್ಲಿ ಮಲಗಿದ ಬೆಕ್ಕಿನ ಮೇಲೆ ಇನ್ನೊಂದು ಗಾಡಿ ಹೊಟ್ಟು ಬೀಳಬಹುದು. ಮೇವು ತುಂಬಿದ ಟ್ರ್ಯಾಕ್ಟರಿನಲ್ಲಿ ಕುಳಿತ ಬೆಕ್ಕು ಪರವೂರಿಗೆ ಹೋಗಿಬಿಡಬಹುದು. ನರಗುಂದದ ಮೂಲಕ ಹಾದುಹೋಗುವ ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯಲ್ಲಿ ರಾತ್ರಿಯಿಡೀ ಲಾರಿಗಳು. ಗಜೇಂದ್ರಗಡದ ನೇಕಾರರ ಮನೆಗಳಲ್ಲಿ ಅಪಾಯ ಬೇರೆ ಬಗೆಯದು: ಮರಿಗಳು ನೂಲಿನ ಎಳೆಯೊಡನೆ ಆಡುತ್ತ ನುಂಗಿದರೆ ಅದು ಕರುಳನ್ನು ಹಿಂಡಿ ನೆರಿಗೆ ಮಾಡುತ್ತದೆ. ಹಾಗೆ ಬೇನೆಬಿದ್ದ ಬೆಕ್ಕು ಯಾರ ಕಣ್ಣಿಗೂ ಬೀಳದಂತೆ ಅಡಗುತ್ತದೆ. ಬೆಕ್ಕು ಸಾಯಲು ಮನೆ ಬಿಟ್ಟು ಹೋಗುತ್ತದೆ ಎಂಬ ಹಿರಿಯರ ಮಾತಿನ ಹಿಂದಿರುವುದು ಈ ಅಡಗುವ ಸ್ವಭಾವವೇ. ಅದು ಹೋಗುವುದು ಸಾಯಲಿಕ್ಕಲ್ಲ. ನೋವಿನಲ್ಲಿ ಶತ್ರುವಿಗೆ ಸಿಗದಿರಲಿಕ್ಕೆ. ಹುಡುಕಿ ತಂದರೆ ಅನೇಕ ಸಲ ಬದುಕುತ್ತದೆ. ಇನ್ನು ಹೆಣ್ಣುಬೆಕ್ಕೊಂದು ಮರಿಗಳ ಸಮೇತ ಮಾಯವಾಗಿದ್ದರೆ ಅಷ್ಟು ಗಾಬರಿ ಬೇಡ, ಅದು ಮರಿಗಳನ್ನು ಕಚ್ಚಿಕೊಂಡು ಬೇರೆ ಜಾಗಕ್ಕೆ ಸಾಗಿಸಿರುವುದೇ ಹೆಚ್ಚು. ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂದು ಜನ ಹೇಳುವುದು ಈ ಸ್ಥಳಾಂತರಕ್ಕೇ.

ಹುಡುಕಾಟಕ್ಕೆ ಮೊದಲ ರಾತ್ರಿಯೇ ಅತ್ಯಂತ ಮುಖ್ಯ. ತಾನಾಗೇ ಬರುತ್ತದೆ ಎಂದು ನಾಲ್ಕು ದಿನ ಕಾಯುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು. ಬೆಕ್ಕು ಕಳೆದುಕೊಂಡ 1,210 ಜನರ ಅನುಭವ ಕಲೆಹಾಕಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಿಕ್ಕ ಬೆಕ್ಕುಗಳಲ್ಲಿ ಮುಕ್ಕಾಲು ಪಾಲು ಸಿಕ್ಕಿದ್ದು ಕಾಣೆಯಾದ ಜಾಗದಿಂದ 500 ಮೀಟರಿನೊಳಗೆ. ಕಾಣೆಯಾದವುಗಳಲ್ಲಿ ಮೂರನೇ ಒಂದು ಭಾಗ ಮೊದಲ ವಾರದಲ್ಲೇ ಸಿಕ್ಕಿದ್ದವು, ವರ್ಷದೊಳಗೆ ಸಿಕ್ಕವು ಶೇ 61ರಷ್ಟು. ಕಾಲ್ನಡಿಗೆಯಲ್ಲಿ ಮೂಲೆಮೂಲೆ ಹುಡುಕಿದವರಿಗೇ ಬೆಕ್ಕು ಜೀವಂತ ಸಿಗುವ ಸಂಭವ ಹೆಚ್ಚು ಎಂಬುದೂ ಅದರಲ್ಲಿ ಕಂಡುಬಂತು. ಅರ್ಧ ಕಿಲೋಮೀಟರ್ ಎಂದರೆ ರೋಣದಂಥ ಊರಿನಲ್ಲಿ ನಾಲ್ಕಾರು ಓಣಿ. ಹಳ್ಳಿಯಲ್ಲಾದರೆ ಇಡೀ ಊರು.

ಹಗಲಿನ ಸದ್ದುಗದ್ದಲದಲ್ಲಿ ಹೆದರಿದ ಬೆಕ್ಕು ಹೊರಬರುವುದಿಲ್ಲ. ಜನ ಮಲಗಿದ ಮೇಲೆ, ಇಲ್ಲವೆ ಬೆಳಗಿನ ಜಾವ, ಪರಿಚಿತ ದನಿಯವರು ಒಬ್ಬರೋ ಇಬ್ಬರೋ ಹೋಗಬೇಕು. ಬ್ಯಾಟರಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಬೆಳಕು ಹಾಯಿಸಿದರೆ ಬೆಕ್ಕಿನ ಕಣ್ಣು ಹಸಿರು–ಹಳದಿಯಾಗಿ ಮಿನುಗಿ ತೋರುತ್ತದೆ. ಹೆಸರು ಹಿಡಿದು ಕೂಗುವುದು ವ್ಯರ್ಥವಲ್ಲ. ಮನೆಯ ಬೆಕ್ಕುಗಳು ತಮ್ಮ ಹೆಸರನ್ನು ಬೇರೆ ಮಾತುಗಳಿಂದ ಮಾತ್ರವಲ್ಲ, ಜೊತೆಗಿರುವ ಬೆಕ್ಕುಗಳ ಹೆಸರಿನಿಂದಲೂ ಬೇರೆಯಾಗಿ ಗುರುತಿಸುತ್ತವೆ ಎಂದು ಜಪಾನಿನ ಸಂಶೋಧಕರು 2019ರಲ್ಲಿ ತೋರಿಸಿದ್ದಾರೆ. ಹಾಗಾಗಿ ಎಲ್ಲವನ್ನೂ ಒಂದೇ ಕರೆಯಲ್ಲಿ ಕರೆಯದೆ ಒಂದೊಂದಕ್ಕೆ ಒಂದು ಹೆಸರಿಡುವುದು ಕಷ್ಟದ ದಿನಕ್ಕೆ ಒದಗುವ ರೂಢಿ. ಕೂಗಿದ ಮೇಲೆ ಸುಮ್ಮನೆ ನಿಂತು ಕಿವಿಗೊಡಬೇಕು. ಉತ್ತರ ಬಹಳ ಸಣ್ಣದಾಗಿ ಬರುತ್ತದೆ. ನಿಚ್ಚಣಿಕೆ ಹಾಕಿ ಮಾಳಿಗೆ ಹತ್ತಿ ಪ್ರತಿ ಬೆಳಕಿಂಡಿಗೂ ಬಾಯಿಟ್ಟು ಕೂಗುವುದು, ದನದ ಕೊಟ್ಟಿಗೆಯ ಗೋದಲಿ, ಸೌದೆಯ ಒಟ್ಟು, ಬಣವೆಯ ಬುಡ, ಗಟಾರಿನ ಹಾಸುಗಲ್ಲಿನ ಅಡಿ, ಪಾಳುಬಿದ್ದ ಮನೆ, ನೀರಿಲ್ಲದ ಬಾವಿ ಹೀಗೆ ಒಂದೂ ಬಿಡದೆ ನೋಡುವುದು ಹುಡುಕಾಟದ ತಿರುಳು. ನೆರೆಯವರನ್ನು ಕೇಳುವಾಗ ಕಂಡಿರಾ ಎಂದಷ್ಟೇ ಕೇಳದೆ ಬೀಗ ತೆಗೆಸಿ ನೋಡುವುದು ಒಳ್ಳೆಯದು. ಬೀಗದ ಕೈ ದೂರದ ಊರಿನಲ್ಲಿದ್ದರೆ ಫೋನ್ ಮಾಡಿ ಅನುಮತಿ ಪಡೆದು ಬೆಳಕಿಂಡಿಯಿಂದ ಉದ್ದನೆಯ ಹಲಗೆಯನ್ನು ಓರೆಯಾಗಿ ಇಳಿಬಿಟ್ಟರೆ ಬೆಕ್ಕು ತಾನೇ ಹತ್ತಿ ಬರುತ್ತದೆ. ಮೊಬೈಲಿನಲ್ಲಿ ಪ್ರತಿ ಬೆಕ್ಕಿನ ಎರಡೂ ಮಗ್ಗುಲಿನ ಚಿತ್ರ ಮೊದಲೇ ತೆಗೆದಿಟ್ಟಿದ್ದರೆ ಓಣಿಯ ವಾಟ್ಸ್‌ಆ್ಯಪ್ ಗುಂಪಿಗೆ ಆಗಿಂದಾಗ ಕಳಿಸಬಹುದು. ಬೂದು ಪಟ್ಟೆಯ ಬೆಕ್ಕು ಎಂದರೆ ಊರಲ್ಲಿ ನೂರಿವೆ.

ವಿಷದ ಮಾತು ಹೇಳಲೇಬೇಕು. ಹೊಲದ ಇಲಿಗೆ ಇಡುವ ಜಿಂಕ್ ಫಾಸ್ಫೈಡ್ ಪಾಷಾಣ ತಿಂದ ಇಲಿಯನ್ನು ಬೆಕ್ಕು ತಿಂದರೆ ಕೆಲವೇ ಗಂಟೆಗಳಲ್ಲಿ ವಾಂತಿ, ಏದುಸಿರು, ನಡುಕ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಇನ್ನೊಂದು ಬಗೆಯ ಇಲಿ ಮದ್ದಿನ ಪರಿಣಾಮ ಎರಡು ಮೂರು ದಿನ ತಡೆದು ಕಾಣುತ್ತದೆ. ವಸಡು ಬಿಳಿಚಿ ಮೂಗಿನಲ್ಲಿ ರಕ್ತ ಕಂಡರೆ ಕೆ ಜೀವಸತ್ವದ ಚಿಕಿತ್ಸೆ ಇದೆ, ಹೊತ್ತು ಮೀರಬಾರದು ಅಷ್ಟೆ. ಹಾಲು, ಎಣ್ಣೆ ಎಂದು ಮನೆಮದ್ದು ಕುಡಿಸಬಾರದು. ಜ್ವರ, ನೋವಿಗೆ ಮನುಷ್ಯರ ಪ್ಯಾರಾಸಿಟಮಾಲ್ ಗುಳಿಗೆ ಕೊಟ್ಟರೆ ಅದೇ ಬೆಕ್ಕನ್ನು ಕೊಲ್ಲುತ್ತದೆ. ಪಶುಪಾಲನಾ ಇಲಾಖೆಯ 1962 ಸಹಾಯವಾಣಿಗೆ ಕರೆ ಮಾಡಿ ಸಲಹೆ ಕೇಳಬಹುದು.

ಬಹುದಿನದ ಮೇಲೆ ಸಿಕ್ಕ ಬೆಕ್ಕಿಗೆ ಒಮ್ಮೆಲೇ ತಾಟು ತುಂಬಿಸಬಾರದು. ಮೊದಲು ನೀರು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಆಹಾರ. ದಿನಗಟ್ಟಲೆ ಹಸಿದ ಬೆಕ್ಕಿನ, ಅದರಲ್ಲೂ ದಪ್ಪಗಿದ್ದ ಬೆಕ್ಕಿನ, ಯಕೃತ್ತಿನಲ್ಲಿ ಕೊಬ್ಬು ಕೂಡಿ ಜೀವಕ್ಕೇ ಅಪಾಯವಾಗಬಹುದು. ತಿನ್ನಲು ಒಲ್ಲದಿದ್ದರೆ ಆ ದಿನವೇ ವೈದ್ಯರ ಬಳಿ ಒಯ್ಯಬೇಕು. ಹಿಡಿಯುವಾಗ ಗಾಬರಿಯಲ್ಲಿ ಅದು ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ಮನೆಯವರಿಗೆ ಹೆಚ್ಚು ದಿಗಿಲಾಗುವುದು ಮಾತ್ರ ಬೇರೆ ಕಾರಣಕ್ಕೆ. ಮರಳಿದ ಬೆಕ್ಕನ್ನು ಅದರ ಒಡಹುಟ್ಟುಗಳೇ ಗುರ್ ಎಂದು ಅಟ್ಟುತ್ತವೆ. ಬಳಗದ ವಾಸನೆ ಅದರ ಮೈಯಿಂದ ಹೋಗಿ ಪರಕೀಯ ವಾಸನೆ ಹತ್ತಿರುತ್ತದೆ. ಒಂದೆರಡು ದಿನ ಬೇರೆ ಕೋಣೆಯಲ್ಲಿಟ್ಟು, ಒಂದೇ ಬಟ್ಟೆಯಿಂದ ಉಳಿದವುಗಳ ಮೈಯನ್ನೂ ಇದರ ಮೈಯನ್ನೂ ಒರೆಸಿದರೆ ಹಳೆಯ ನಂಟು ಮರಳುತ್ತದೆ.

ಕೆಲವು ಮರಳುವುದಿಲ್ಲ. ಉಳಿದ ಬೆಕ್ಕುಗಳಲ್ಲಿ ಜೊತೆಗೆ ಮಲಗುತ್ತಿದ್ದದ್ದು ಕೆಲವು ದಿನ ಅದರ ಜಾಗ ಮೂಸುತ್ತದೆ, ಕೂಗುತ್ತದೆ, ಊಟ ಕಡಿಮೆ ಮಾಡುತ್ತದೆ. ಅವುಗಳ ಊಟದ ಹೊತ್ತು, ಮಲಗುವ ಜಾಗ ಬದಲಾಗದಂತೆ ನೋಡಿಕೊಳ್ಳುವುದೇ ಆಗ ಕೊಡಬಹುದಾದ ಸಮಾಧಾನ. ತೆರವಾದ ಜಾಗಕ್ಕೆ ಕೂಡಲೇ ಹೊಸ ಮರಿ ತರುವುದು ಅವುಗಳ ಮೇಲೆ ಇನ್ನೊಂದು ಭಾರ. ಮನುಷ್ಯರ ದುಃಖ ಇದಕ್ಕಿಂತ ಗೋಜಲು. ಸತ್ತಿದೆಯೆಂದು ಅತ್ತು ಮುಗಿಸುವಂತಿಲ್ಲ, ಇದೆಯೆಂದು ನೆಮ್ಮದಿಯಿಲ್ಲ. ಇಂಥ ಕೊನೆಗಾಣದ ಅಗಲಿಕೆಯನ್ನು ಕಾಣೆಯಾದ ಮನುಷ್ಯರ ಕುಟುಂಬಗಳಲ್ಲಿ ಅಭ್ಯಾಸ ಮಾಡಿದ ಅಮೆರಿಕದ ಸಂಶೋಧಕಿ ಪಾಲಿನ್ ಬಾಸ್ ಅದಕ್ಕೊಂದು ಪ್ರತ್ಯೇಕ ಹೆಸರನ್ನೇ ಕೊಟ್ಟರು. ಅದರ ತೂಕ ಮಕ್ಕಳ ಮೇಲೆ ಹೆಚ್ಚು. ಬೆಕ್ಕು ತಾನೇ, ಇನ್ನೂ ನಾಲ್ಕಿವೆಯಲ್ಲ ಎನ್ನುವ ಮಾತು ಮನೆಗೆ ಬಂದವರ ಬಾಯಿಂದ ಸಹಜವಾಗಿ ಬರುತ್ತದೆ, ಮತ್ತು ಅದು ತಪ್ಪು ಮಾತು. ನಾಲ್ಕರಲ್ಲಿ ಯಾವುದೂ ಆ ಒಂದಲ್ಲ. ಸುಳ್ಳು ಹೇಳದೆ, ಹುಡುಕಿದ್ದೇವೆ, ಇನ್ನೂ ಹುಡುಕುತ್ತೇವೆ ಎಂದು ಮಕ್ಕಳಿಗೆ ಇದ್ದದ್ದನ್ನು ಇದ್ದಂತೆ ಹೇಳುವುದು ಒಳಿತು. ಮೊದಲ ಮೂರು ತಿಂಗಳು ಹುಡುಕಾಟ ಪೂರ್ತಿ ನಿಲ್ಲಿಸದೆ, ವಾರಕ್ಕೊಮ್ಮೆಯಾದರೂ ಅದೇ ಓಣಿಗಳಲ್ಲಿ ರಾತ್ರಿ ಕೂಗಿ ಬರುವುದಕ್ಕೆ ಅರ್ಥವಿದೆ.

ಇದರಲ್ಲಿ ಬೆಕ್ಕಿಲ್ಲದ ಮನೆಯವರ ಪಾಲೂ ಇದೆ. ಹೊಟ್ಟಿನ ಕೋಣೆಗೆ, ಗೋದಾಮಿಗೆ, ಊರು ಬಿಡುವಾಗ ಮನೆಗೆ ಬೀಗ ಹಾಕುವವರು ಕದ ಎಳೆಯುವ ಮುನ್ನ ದಯವಿಟ್ಟು ಒಳಗೊಮ್ಮೆ ಬೆಳಕು ಹಾಯಿಸಿ, ಕೂಗಿ, ಎರಡು ನಿಮಿಷ ಕಿವಿಗೊಟ್ಟು ನಿಲ್ಲಬೇಕು.