ಪಿಎಚ್‌.ಡಿ. ಮುಗಿದ ಮೇಲೆ ಅಲ್ಲೇ ಉಳಿಯಬಹುದೇ? ಪಾಲಕರಿಗೂ ದಾನಿಗಳಿಗೂ ಒಂದು ವಿವರಣೆ



ವಿದ್ಯಾರ್ಥಿವೇತನದ ಸಂದರ್ಶನಕ್ಕೆ ಬನಹಟ್ಟಿಯಿಂದ ಬಂದಿದ್ದ ಪಾಲಕರೊಬ್ಬರು ಮಗನ ಅಂಕಪಟ್ಟಿಗಳನ್ನು ಮೇಜಿನ ಮೇಲೆ ಹರವಿದರು. ಅದರ ಜೊತೆಗೆ ಜರ್ಮನಿಯ ವಿಶ್ವವಿದ್ಯಾಲಯವೊಂದರ ಪತ್ರವೂ ಇತ್ತು. ನಾವು ಎಲ್ಲ ಪ್ರಶ್ನೆ ಕೇಳಿ ಮುಗಿಸಿದ ಮೇಲೆ ಅವರು ಮೆಲ್ಲಗೆ ತಮ್ಮದೊಂದು ಪ್ರಶ್ನೆ ಕೇಳಿದರು: "ಸಾಹೇಬ್ರ, ಓದು ಮುಗದ ಮ್ಯಾಲೆ ಅಲ್ಲೇ ಇರಾಕ ಬಿಡ್ತಾರೋ, ಇಲ್ಲಾ ವಾಪಸ್ ಕಳಸ್ತಾರೋ?" ಅದೇ ವಾರ ಮುಧೋಳದ ಹಿರಿಯ ದಾನಿಯೊಬ್ಬರು ಫೋನ್ ಮಾಡಿ ಇನ್ನೊಂದು ತುದಿಯಿಂದ ಕೇಳಿದರು: "ನಮ್ಮ ರೊಕ್ಕದಾಗ ಹೋಗಿ ಅಲ್ಲೇ ಉಳದಬಿಟ್ರ ನಮ್ಮ ಊರಿಗೆ ಏನ್ ಬಂತ್ರೀ?" ಎರಡೂ ನ್ಯಾಯವಾದ ಪ್ರಶ್ನೆಗಳು. ಈ ವರದಿಯಲ್ಲಿ ಎರಡಕ್ಕೂ ನಮಗೆ ತಿಳಿದಷ್ಟು ಉತ್ತರ ಕೊಡುತ್ತೇವೆ. ಇಲ್ಲಿ ಬರೆದ ನಿಯಮಗಳು 2025ರ ಕೊನೆಗೆ ಇದ್ದಂತೆ. ಅರ್ಜಿ ಹಾಕುವ ಮುನ್ನ ಆಯಾ ದೇಶದ ಸರ್ಕಾರದ ಪ್ರಕಟಣೆಯನ್ನು ಇನ್ನೊಮ್ಮೆ ನೋಡಿಕೊಳ್ಳಬೇಕು.

ಮೊದಲು ಒಂದು ತಪ್ಪು ತಿಳಿವಳಿಕೆ ತೆಗೆಯಬೇಕು. ಡಾಕ್ಟರೇಟ್ ಸಿಕ್ಕಿತೆಂದು ಕಾಯಂ ವಾಸದ ಪರವಾನಗಿ, ಅಂದರೆ ಜನ ಹೇಳುವ ಪಿಆರ್, ತಾನಾಗಿ ಬರುವುದಿಲ್ಲ. ವಿದ್ಯಾರ್ಥಿ ವೀಸಾ, ಕೆಲಸದ ವೀಸಾ, ಪಿಆರ್, ಪೌರತ್ವ ಇವು ನಾಲ್ಕು ಬೇರೆ ಬೇರೆ ಮೆಟ್ಟಿಲು. ಪಿಆರ್‌ಗೆ ಸಾಮಾನ್ಯವಾಗಿ ಆ ದೇಶದಲ್ಲಿ ಇಷ್ಟು ವರ್ಷ ಇದ್ದು ದುಡಿದಿರಬೇಕು ಎಂಬ ಲೆಕ್ಕ ಇರುತ್ತದೆ. ಪಿಎಚ್‌.ಡಿ.ಗೆ ನಾಲ್ಕೈದು ವರ್ಷ ಹೋಗುತ್ತದೆ. ಆ ವರ್ಷಗಳು ಲೆಕ್ಕಕ್ಕೆ ಬರುತ್ತವೆಯೋ ಇಲ್ಲವೋ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಒಂದೇ ದೇಶದಲ್ಲೂ ಒಬ್ಬ ವಿದ್ಯಾರ್ಥಿಗೆ ಬಂದದ್ದು ಇನ್ನೊಬ್ಬನಿಗೆ ಬರದೇ ಹೋಗಬಹುದು.

ಜರ್ಮನಿಯನ್ನೇ ನೋಡಿ. ಅಲ್ಲಿ ಪಿಎಚ್‌.ಡಿ. ಮಾಡುವವರು ಸಾಮಾನ್ಯವಾಗಿ ಎರಡು ಬಗೆ. ಒಬ್ಬರು ವಿಶ್ವವಿದ್ಯಾಲಯದ ನೌಕರರಾಗಿ ಒಪ್ಪಂದದ ಮೇಲೆ ಸಂಬಳ ಪಡೆಯುತ್ತಾರೆ. ಇನ್ನೊಬ್ಬರು ಶಿಷ್ಯವೇತನದಲ್ಲಿ ಓದುತ್ತಾರೆ. ತಿಂಗಳಿಗೆ ಕೈಗೆ ಬರುವ ಹಣ ಹೆಚ್ಚುಕಡಿಮೆ ಒಂದೇ ಇರಬಹುದು. ಆದರೆ ಸಂಬಳದವರ ವೇತನದಿಂದ ಪಿಂಚಣಿ ನಿಧಿಗೆ ವಂತಿಗೆ ಕಟ್ ಆಗುತ್ತದೆ, ಶಿಷ್ಯವೇತನದವರಿಂದ ಆಗುವುದಿಲ್ಲ. ಕುಶಲ ಕೆಲಸಗಾರರಿಗೂ ಸಂಶೋಧಕರಿಗೂ ಅಲ್ಲಿ 3 ವರ್ಷದ ನಂತರ ಕಾಯಂ ವಾಸಕ್ಕೆ ಅರ್ಜಿ ಹಾಕುವ ದಾರಿ ಇದೆ. ಜರ್ಮನಿಯಲ್ಲೇ ಪದವಿ ಮುಗಿಸಿ ತಕ್ಕ ಕೆಲಸಕ್ಕೆ ಸೇರಿದವರಿಗೆ 2 ವರ್ಷ ಸಾಕು. ಆದರೆ ಎರಡಕ್ಕೂ ಪಿಂಚಣಿ ವಂತಿಗೆ ಕಟ್ಟಿದ ದಾಖಲೆ ಮತ್ತು ಬಿ1 ಹಂತದ ಜರ್ಮನ್ ಭಾಷೆ ಬೇಕು. ಹಾಗಾಗಿ ಬನಹಟ್ಟಿಯ ಆ ಪಾಲಕರಿಗೆ ನಾವು ಹೇಳಿದ್ದು ಇಷ್ಟೇ: ಮಗನಿಗೆ ಬಂದ ಪತ್ರದಲ್ಲಿ ಇರುವುದು ಕೆಲಸದ ಒಪ್ಪಂದವೋ, ಶಿಷ್ಯವೇತನವೋ ಎಂದು ಮೊದಲು ಪ್ರಾಧ್ಯಾಪಕರನ್ನು ಕೇಳಿಸಿರಿ. ಮತ್ತು ಜರ್ಮನ್ ಭಾಷೆಯನ್ನು ವಿಮಾನ ಹತ್ತುವ ಮೊದಲೇ ಶುರು ಮಾಡಿಸಿರಿ. ಪ್ರಯೋಗಾಲಯದಲ್ಲಿ ಇಂಗ್ಲಿಷ್ ನಡೆಯುತ್ತದೆ, ಪರವಾನಗಿ ಕಚೇರಿಯಲ್ಲಿ ನಡೆಯುವುದಿಲ್ಲ.

ಸ್ವೀಡನ್‌ನಲ್ಲಿ ಡಾಕ್ಟರೇಟ್ ಓದು ಬಹುಪಾಲು ಸಂಬಳದ ನೌಕರಿಯೇ. ಹಿಂದಿನ ಏಳು ವರ್ಷಗಳಲ್ಲಿ ನಾಲ್ಕು ವರ್ಷ ಡಾಕ್ಟರೇಟ್ ಓದಿನ ಪರವಾನಗಿ ಇದ್ದವರಿಗೆ ಕಾಯಂ ವಾಸದ ಅರ್ಜಿಗೆ ದಾರಿಯಿದೆ. 2021ರಿಂದ ಸ್ವಂತ ದುಡಿಮೆಯಲ್ಲಿ ಬದುಕಬಲ್ಲೆ ಎಂದು ತೋರಿಸುವುದೂ ಕಡ್ಡಾಯವಾಗಿದೆ.

ಇಂಗ್ಲೆಂಡಿನಲ್ಲಿ ಲೆಕ್ಕ ಉಲ್ಟಾ. ಪಿಎಚ್‌.ಡಿ. ಮುಗಿಸಿದವರಿಗೆ ಕೆಲಸ ಹುಡುಕಲು 3 ವರ್ಷದ ಗ್ರಾಜುಯೇಟ್ ವೀಸಾ ಸಿಗುತ್ತದೆ. ಆದರೆ ಕುಶಲ ಕೆಲಸಗಾರರ 5 ವರ್ಷದ ದಾರಿಗೆ ಓದಿನ ವರ್ಷಗಳೂ ಈ 3 ವರ್ಷಗಳೂ ಸೇರುವುದಿಲ್ಲ. ಅಂದರೆ ಏಳು ವರ್ಷ ಅಲ್ಲಿದ್ದೂ ಐದರ ಲೆಕ್ಕ ಒಂದರಿಂದ ಶುರುವಾಗಬಹುದು. ಒಟ್ಟು 10 ವರ್ಷ ಕಾನೂನುಬದ್ಧವಾಗಿ ವಾಸವಿದ್ದವರ ಬೇರೆ ದಾರಿಯಲ್ಲಿ ಓದಿನ ವರ್ಷಗಳು ಸೇರುತ್ತವೆ. ಇದರ ಮೇಲೆ, 5 ವರ್ಷವನ್ನು ಸಾಮಾನ್ಯವಾಗಿ 10ಕ್ಕೆ ಏರಿಸುವ ಪ್ರಸ್ತಾಪವನ್ನು ಅಲ್ಲಿನ ಸರ್ಕಾರ 2025ರ ಮೇ ತಿಂಗಳ ಶ್ವೇತಪತ್ರದಲ್ಲಿ ಮುಂದಿಟ್ಟಿದೆ. ಓದಲು ಹೋದಾಗ ಇದ್ದ ನಿಯಮ ಓದು ಮುಗಿಯುವಾಗ ಇರುತ್ತದೆಂಬ ಭರವಸೆ ಯಾವ ದೇಶವೂ ಕೊಡುವುದಿಲ್ಲ.

ಕೆನಡಾ ಅಂಕಗಳ ದೇಶ. ಎಕ್ಸ್‌ಪ್ರೆಸ್ ಎಂಟ್ರಿ ಪದ್ಧತಿಯಲ್ಲಿ ಮದುವೆಯಾಗದ ಅಭ್ಯರ್ಥಿಗೆ ಪದವಿಗೆ 120, ಸ್ನಾತಕೋತ್ತರಕ್ಕೆ 135, ಪಿಎಚ್‌.ಡಿ.ಗೆ 150 ಅಂಕ. ವಯಸ್ಸಿಗೆ 20ರಿಂದ 29ರವರೆಗೆ ಪೂರ್ತಿ 110 ಅಂಕ, 30 ತುಂಬಿದ ಮೇಲೆ ವರ್ಷ ವರ್ಷ ಇಳಿಯುತ್ತ 35ಕ್ಕೆ 77. ಈಗ ಕೂಡಿಸಿ ನೋಡಿ. ಸ್ನಾತಕೋತ್ತರ ಮುಗಿಸಿದ ಹುಡುಗ ಪಿಎಚ್‌.ಡಿ.ಗೆ ಹೋಗಿ 15 ಅಂಕ ಗಳಿಸಿ, ವಯಸ್ಸಿನಲ್ಲಿ ಅದಕ್ಕಿಂತ ಹೆಚ್ಚು ಕಳೆದುಕೊಳ್ಳಬಹುದು. ಭಾಷೆ, ಅಲ್ಲಿನ ಕೆಲಸದ ಅನುಭವ ಮುಂತಾದ ಬೇರೆ ಅಂಕಗಳಿವೆ, ನಿಜ. ಆದರೂ ಬರೀ ಪಿಆರ್ ಸಲುವಾಗಿ ಪಿಎಚ್‌.ಡಿ. ಮಾಡುವುದು ಜಾಣತನವಲ್ಲ ಎಂಬುದಕ್ಕೆ ಇಷ್ಟು ಲೆಕ್ಕ ಸಾಕು. ವಿಷಯದ ಮೇಲೆ ಪ್ರೀತಿ ಇದ್ದವರು ಮಾಡಲಿ.

ಆಸ್ಟ್ರೇಲಿಯಾ ಭಾರತೀಯ ಡಾಕ್ಟರೇಟ್‌ಗಳಿಗೆ 4 ವರ್ಷದ ತಾತ್ಕಾಲಿಕ ವೀಸಾ ಕೊಡುತ್ತದೆ. ಜಪಾನಿನ ಅಂಕ ಪದ್ಧತಿಯಲ್ಲಿ ಸಂಶೋಧಕರ ಡಾಕ್ಟರೇಟ್‌ಗೆ 30 ಅಂಕ, ಒಟ್ಟು 70 ಆದವರಿಗೆ 3 ವರ್ಷದಲ್ಲಿ, 80 ಆದವರಿಗೆ 1 ವರ್ಷದಲ್ಲೇ ಕಾಯಂ ವಾಸದ ಅರ್ಜಿಗೆ ಅವಕಾಶ. ನಮ್ಮ ಮನೆಗಳಿಗೆ ಹತ್ತಿರದ ಗಲ್ಫ್ ಬಗ್ಗೆ ಕೇಳುವವರಿಗೆ: ದುಬೈಯ ಗೋಲ್ಡನ್ ವೀಸಾ 10 ವರ್ಷದ್ದು, ನವೀಕರಿಸಬಹುದು, ಆದರೆ ಅದು ಪೌರತ್ವದ ಮೆಟ್ಟಿಲಲ್ಲ.

ಅಮೆರಿಕದ ಮಾತು ಸ್ವಲ್ಪ ಉದ್ದ. 1946ರ ಕಾಯ್ದೆ ಬರುವವರೆಗೆ ಭಾರತೀಯರು ಅಲ್ಲಿ ನೆಲೆಸಲು ಪರವಾನಗಿಯೇ ಇಲ್ಲದಂತಿತ್ತು. ಆ ಕಾಯ್ದೆ ವರ್ಷಕ್ಕೆ 100 ಜನರಿಗೆ ಬಾಗಿಲು ತೆರೆಯಿತು. 1965ರ ಕಾಯ್ದೆ ದೇಶವಾರು ಕೋಟಾ ಪದ್ಧತಿಯನ್ನು ತೆಗೆಯಿತು. ಇಂದು ನೌಕರಿ ಆಧಾರದ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಕುಟುಂಬದವರ ಸಂಖ್ಯೆಯೂ ಇದರಲ್ಲೇ ಸೇರುತ್ತದೆ, ಮತ್ತು ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇ. 7ರ ಮಿತಿ. ಭಾರತದಲ್ಲಿ ಹುಟ್ಟಿದವರ ಸಾಲು ದೊಡ್ಡದು. ಹೀಗಾಗಿ ಇಬಿ-2 ಎಂಬ ವರ್ಗದಲ್ಲಿ 2025ರ ಕೊನೆಗೆ ಸರದಿ ಬಂದದ್ದು 2013ರ ಸುಮಾರಿಗೆ ಅರ್ಜಿ ಹಾಕಿದವರಿಗೆ. ಸಂಶೋಧನೆಯಲ್ಲಿ ಹೆಸರು ಮಾಡಿದವರ ಇಬಿ-1 ವರ್ಗದಲ್ಲಿ 2022ರ ಆರಂಭದವರಿಗೆ. ಮುಳುಗಡೆ ಪರಿಹಾರದ ಕಡತದ ಹಿಂದೆ ತಿರುಗಿದ ಬೀಳಗಿಯವರಿಗೆ ಸರದಿ ಎಂದರೇನೆಂದು ನಾವು ಹೇಳಬೇಕಿಲ್ಲ.

ಅಲ್ಲಿ ಓದು ಮುಗಿದ ಮೇಲೆ ಓಪಿಟಿ ಎಂದು 12 ತಿಂಗಳು, ವಿಜ್ಞಾನ-ತಂತ್ರಜ್ಞಾನದವರಿಗೆ ಇನ್ನೂ 24 ತಿಂಗಳು ಕೆಲಸ ಮಾಡಬಹುದು. ನಂತರ ಎಚ್‌-1ಬಿ. ಖಾಸಗಿ ಕಂಪನಿಗಳಿಗೆ ಇದು ಲಾಟರಿ. ವಿಶ್ವವಿದ್ಯಾಲಯಗಳಿಗೆ ಆ ಮಿತಿ ಇಲ್ಲ, ಪಿಎಚ್‌.ಡಿ. ಆದವರಿಗೆ ಇದೊಂದು ಅನುಕೂಲ. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಹೊರಗಿರುವವರಿಗಾಗಿ ಹಾಕುವ ಹೊಸ ಎಚ್‌-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಣೆಯಾಯಿತು. ಪಾಲಕರು ಇನ್ನೊಂದು ಮಾತು ನೆನಪಿಡಬೇಕು: ಅಮೆರಿಕದ ವಿದ್ಯಾರ್ಥಿ ವೀಸಾದ ಸಂದರ್ಶನದಲ್ಲಿ ಓದು ಮುಗಿಸಿ ಮರಳುವ ಉದ್ದೇಶ ತೋರಿಸಬೇಕಾಗುತ್ತದೆ. "ಅಲ್ಲೇ ಸೆಟ್ಲ್ ಆಗ್ತೀನಿ" ಎಂದು ಮನೆಯಲ್ಲಿ ಹೇಳಿಕೊಟ್ಟ ಮಾತು ಅಲ್ಲಿ ವೀಸಾ ತಪ್ಪಿಸುತ್ತದೆ.

ಈಗ ನಮ್ಮ ತಾಲ್ಲೂಕುಗಳಲ್ಲಿ ಕಂಡ ತೊಂದರೆಗಳು. ದೇಶದ ನಿಯಮಕ್ಕಿಂತ ಹೆಚ್ಚಾಗಿ ನಮ್ಮ ಹುಡುಗರನ್ನು ಕಾಡಿದ್ದು ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಮಹಮ್ಮದ್, ಆಧಾರ್‌ನಲ್ಲಿ ಮೊಹಮ್ಮದ್, ಪಾಸ್‌ಪೋರ್ಟಿನಲ್ಲಿ ಎಂ.ಡಿ. ತಂದೆಯ ಹೆಸರು ಒಂದು ಕಡೆ ಸಾಬ್ ಸೇರಿ, ಇನ್ನೊಂದು ಕಡೆ ಸಾಬ್ ಇಲ್ಲದೆ. ಹೆಣ್ಣುಮಕ್ಕಳಿಗೆ ಕೆಲವೆಡೆ ಬೇಗಂ, ಕೆಲವೆಡೆ ಬಾನು. ಮನೆತನದ ಹೆಸರೇ ಇಲ್ಲದ ಒಂಟಿ ಹೆಸರಿನವರು ಅಮೆರಿಕದ ದಾಖಲೆಗಳಲ್ಲಿ "ಮೊದಲ ಹೆಸರು ಗೊತ್ತಿಲ್ಲ" ಎಂದು ನಮೂದಾಗುತ್ತಾರೆ. ವಿದ್ಯಾರ್ಥಿ ವೀಸಾಗೆ ಹೇಗೋ ನಡೆದುಹೋದ ಈ ವ್ಯತ್ಯಾಸ ಪಿಆರ್ ಕಡತದಲ್ಲಿ ಸಿಕ್ಕಿಬೀಳುತ್ತದೆ. ಆಗ ಮಗ ಅಲ್ಲಿ, ತಂದೆ ಇಲ್ಲಿ ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಪಿಯುಸಿಯಲ್ಲಿರುವಾಗಲೇ ಸರಿಪಡಿಸಿ, ಖರ್ಚು ಕಡಿಮೆ. ನಿಕಾಹ್‌ನಾಮೆ ಒಂದೇ ಸಾಲದು. ವಿವಾಹವನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ. ವಕ್ಫ್ ಮಂಡಳಿಗೆ ವಿವಾಹ ಪ್ರಮಾಣಪತ್ರ ಕೊಡುವ ಅಧಿಕಾರ ನೀಡಿದ್ದ 2023ರ ರಾಜ್ಯ ಆದೇಶಕ್ಕೆ 2024ರ ನವೆಂಬರ್‌ನಲ್ಲಿ ಹೈಕೋರ್ಟ್ ತಡೆ ಕೊಟ್ಟಿರುವುದರಿಂದ ಅದನ್ನು ನೆಚ್ಚಿಕೊಳ್ಳಬೇಡಿ.

ಎರಡನೆಯದು ಏಜೆಂಟರು. ಪಿಆರ್ ಗ್ಯಾರಂಟಿ ಎಂದು ಮುಂಗಡ ಹಣ ಪಡೆದ ಒಬ್ಬನನ್ನು ನಂಬಿ, ಒಂದು ಮನೆಯವರು ಕಬ್ಬಿನ ಬಿಲ್ಲಿನ ಹಣವಷ್ಟೂ ಕಳೆದುಕೊಂಡು ನಮ್ಮ ಕಚೇರಿಗೆ ಬಂದರು. ಒಳ್ಳೆಯ ವಿಶ್ವವಿದ್ಯಾಲಯದ ಪಿಎಚ್‌.ಡಿ.ಗೆ ಏಜೆಂಟ್ ಬೇಕಿಲ್ಲ. ಪ್ರಾಧ್ಯಾಪಕರಿಗೆ ವಿದ್ಯಾರ್ಥಿಯೇ ಪತ್ರ ಬರೆಯಬೇಕು. ಬೋಧನಾ ಶುಲ್ಕ ಮನ್ನಾ ಆಗಿ ಸಂಬಳವೋ ಶಿಷ್ಯವೇತನವೋ ಸಿಗುವ ಸೀಟಾದರೆ ಮಾತ್ರ ಹೋಗಿ. ಪಿಎಚ್‌.ಡಿ.ಗಾಗಿ ಹೊಲ ಮಾರಬೇಕಾಗಿ ಬಂದರೆ ಆ ಸೀಟು ಬಿಡಿ. ಬಡ್ಡಿಯ ಸಾಲ ಬೇಡವೆನ್ನುವ ಮನೆಗಳಿಗೂ ಇದೇ ದಾರಿ. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದೇಶ ಓದಿನ ಸಾಲಕ್ಕೆ ಬಡ್ಡಿ ಸಹಾಯಧನ ಕೊಡುತ್ತಿದ್ದ ಕೇಂದ್ರದ ಪಢೋ ಪರದೇಸ್ ಯೋಜನೆ 2022-23ರಿಂದ ನಿಂತಿದೆ. ದೇಶದೊಳಗಿನ ಸಂಶೋಧಕರಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ ಕೂಡ ಅದೇ ವರ್ಷ ನಿಂತಿತು.

ಮನೆಯ ಪ್ರಶ್ನೆಗಳೂ ಇವೆ. "ಮಗಳು ಹೋದರ ಅಳಿಯ ಏನ್ ಮಾಡ್ಬೇಕು?" ಎಂದು ಜಮಖಂಡಿಯ ಒಬ್ಬ ತಾಯಿ ಕೇಳಿದರು. 2024ರ ಜನವರಿಯಿಂದ ಇಂಗ್ಲೆಂಡಿನಲ್ಲಿ ಸಾಮಾನ್ಯ ಎಂ.ಎಸ್‌ಸಿ. ವಿದ್ಯಾರ್ಥಿ ಕುಟುಂಬ ಕರೆದೊಯ್ಯುವಂತಿಲ್ಲ, ಪಿಎಚ್‌.ಡಿ.ಯವರು ಕರೆದೊಯ್ಯಬಹುದು. ಕೆನಡಾದಲ್ಲಿ ಡಾಕ್ಟರೇಟ್ ವಿದ್ಯಾರ್ಥಿಯ ಪತಿ ಅಥವಾ ಪತ್ನಿಗೆ ಕೆಲಸದ ಪರವಾನಗಿ ಸಿಗುತ್ತದೆ. ಅಮೆರಿಕದಲ್ಲಿ ವಿದ್ಯಾರ್ಥಿಯ ಸಂಗಾತಿ ದುಡಿಯುವಂತಿಲ್ಲ. ಮಗಳ ಮದುವೆಯ ಮಾತುಕತೆಯಲ್ಲಿ ಇದನ್ನು ಎರಡೂ ಮನೆಯವರು ಮೊದಲೇ ಮಾತಾಡಿಕೊಂಡರೆ ಒಳ್ಳೆಯದು. ಇನ್ನು ತಂದೆ-ತಾಯಿಯನ್ನು ಕರೆಸಿಕೊಳ್ಳುವ ವಿಚಾರ: ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಇದ್ದವರಿಗೂ ಆ ಹಕ್ಕಿಲ್ಲ, ಪೌರತ್ವ ಪಡೆದವರಿಗೆ ಮಾತ್ರ.

ಪಿಆರ್ ಪಡೆದವರು ಭಾರತದ ಪ್ರಜೆಗಳಾಗಿಯೇ ಇರುತ್ತಾರೆ. ಪಾಸ್‌ಪೋರ್ಟ್ ನಮ್ಮದೇ. ಹೆಸರು ನೋಂದಾಯಿಸಿಕೊಂಡಿದ್ದರೆ ಊರಿಗೆ ಬಂದಾಗ ಮತ ಹಾಕಬಹುದು. ಹೊರದೇಶದ ಪೌರತ್ವ ತೆಗೆದುಕೊಂಡರೆ ಮಾತ್ರ ಭಾರತದ ಪೌರತ್ವ ಹೋಗುತ್ತದೆ. ಆಗ ಓಸಿಐ ಕಾರ್ಡ್ ಪಡೆಯಬಹುದು, ಅದಕ್ಕೆ ಮತದ ಹಕ್ಕಿಲ್ಲ. ಜಮೀನಿನ ಬಗ್ಗೆ ನಮ್ಮವರಿಗೆ ಚಿಂತೆ ಹೆಚ್ಚು. ಹೊರದೇಶದಲ್ಲಿ ನೆಲೆಸಿದವರು ಇಲ್ಲಿ ಹೊಸದಾಗಿ ಕೃಷಿ ಭೂಮಿ ಕೊಳ್ಳುವಂತಿಲ್ಲ. ಮೊದಲೇ ತಮ್ಮ ಹೆಸರಿನಲ್ಲಿದ್ದದ್ದನ್ನು ಇಟ್ಟುಕೊಳ್ಳಬಹುದು, ತಂದೆಯಿಂದ ವಾರಸಾಗಿ ಬಂದ ಪಾಲನ್ನೂ ಪಡೆಯಬಹುದು. ಮಗ ಹೊರಗೆ ಹೋದನೆಂದು ಉತಾರದಿಂದ ಅವನ ಹೆಸರು ತೆಗೆಸುವ ಅಗತ್ಯವಿಲ್ಲ.

ಕೊನೆಗೆ ಮುಧೋಳದ ದಾನಿಗಳ ಪ್ರಶ್ನೆ. ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ 1948ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್‌.ಡಿ. ಪಡೆದು ಭಾರತಕ್ಕೆ ಮರಳಿದರು. ಮೂರು ದಶಕ ಇಲ್ಲಿ ದುಡಿದು ತಲೆಮಾರುಗಳನ್ನೇ ತಯಾರು ಮಾಡಿ, ಆಮೇಲೆ ಅಮೆರಿಕಕ್ಕೆ ಹೋದರು. ಅಲ್ಲಿನ ಪೌರತ್ವ ಪಡೆದದ್ದು 1995ರಲ್ಲಿ. ಬೆಳಗಾವಿಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಎ.ಕೆ. ರಾಮಾನುಜನ್ 1959ರಲ್ಲಿ ಅಮೆರಿಕಕ್ಕೆ ಹೋಗಿ, 1963ರಲ್ಲಿ ಇಂಡಿಯಾನಾದಿಂದ ಪಿಎಚ್‌.ಡಿ. ಪಡೆದು, ಕೊನೆಯವರೆಗೂ ಷಿಕಾಗೊದಲ್ಲೇ ಉಳಿದರು. ಅಲ್ಲಿ ಕುಳಿತೇ ಅವರು ಮಾಡಿದ ವಚನಗಳ ಅನುವಾದ 1973ರಲ್ಲಿ ಪ್ರಕಟವಾಗಿ, ನಮ್ಮ ಪಕ್ಕದ ಕೂಡಲಸಂಗಮದ ಮಾತು ಲೋಕಕ್ಕೆ ಮುಟ್ಟಿತು. ಇಬ್ಬರಲ್ಲಿ ಯಾರು ಊರಿಗೆ ಹೆಚ್ಚು ಕೊಟ್ಟರೆಂದು ತೂಗಿ ನೋಡಲು ನಮ್ಮ ಬಳಿ ತಕ್ಕಡಿ ಇಲ್ಲ. ಆದ್ದರಿಂದ ಮರಳಿ ಬರಲೇಬೇಕೆಂದು ನಾವು ಮುಚ್ಚಳಿಕೆ ಬರೆಸಿಕೊಳ್ಳುವುದಿಲ್ಲ. ಕೇಳುವುದು ಒಂದೇ: ಸಂಬಳ ಶುರುವಾದ ಮೇಲೆ, ಟ್ರಸ್ಟ್ ಕೊಟ್ಟಷ್ಟನ್ನು ಅನುಕೂಲವಿದ್ದಾಗ ಮುಂದಿನ ಒಬ್ಬ ವಿದ್ಯಾರ್ಥಿಗಾಗಿ ಮರಳಿಸಬೇಕು. ಈ ನೆರವಿಗೆ ಜಕಾತ್ ಹಣ ಬಳಸುವುದಿಲ್ಲ, ಸಾಮಾನ್ಯ ನಿಧಿಯಿಂದಲೇ ಕೊಡುತ್ತೇವೆ. ಅದೂ ಭಾಷಾ ಪರೀಕ್ಷೆ, ವೀಸಾ ಶುಲ್ಕ ಮತ್ತು ಮೊದಲ ವಿಮಾನ ಟಿಕೆಟ್ ಇಷ್ಟಕ್ಕೆ ಮಾತ್ರ.

ಪ್ರಸಕ್ತ ಸಾಲಿನಲ್ಲಿ ವಿದೇಶದ ಪಿಎಚ್‌.ಡಿ.ಗೆ ಅರ್ಜಿ ಹಾಕುವವರು ಪ್ರವೇಶಪತ್ರ, ಅದು ಒಪ್ಪಂದವೋ ಶಿಷ್ಯವೇತನವೋ ಎಂದು ತಿಳಿಸುವ ವಿಶ್ವವಿದ್ಯಾಲಯದ ಪತ್ರ ಅಥವಾ ಇಮೇಲ್ ಪ್ರತಿ, ಪಾಸ್‌ಪೋರ್ಟ್ ಹಾಗೂ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಪ್ರತಿಗಳನ್ನು ಲಗತ್ತಿಸಬೇಕು. ಎರಡರಲ್ಲೂ ಹೆಸರು ಒಂದೇ ರೀತಿ ಇಲ್ಲದಿದ್ದರೆ ಅರ್ಜಿ ಹಿಡಿದಿಟ್ಟುಕೊಳ್ಳಬೇಡಿ. ಇದ್ದಂತೆಯೇ ತನ್ನಿ, ತಿದ್ದುಪಡಿಯ ಕಾಗದಪತ್ರಗಳನ್ನು ಕಚೇರಿಯಲ್ಲಿ ಕುಳಿತು ಬರೆದುಕೊಡುತ್ತೇವೆ. ಸಂದರ್ಶನಕ್ಕೆ ವಿದ್ಯಾರ್ಥಿಯ ಜೊತೆ ತಂದೆ ಅಥವಾ ತಾಯಿ ಒಬ್ಬರಾದರೂ ಬರಬೇಕು.