ಹಿಡಿ ಧಾನ್ಯವೂ ಆಜೀವ ಸೇವೆಯೂ

ಚಂದಾ ಕೇಳಲು ಬರುವವರನ್ನು ಕಂಡೊಡನೆ ಗೃಹಸ್ಥನಿಗೆ ಒಳಕೋಣೆಯ ನೆನಪಾಗುವುದು. ರಸೀತಿ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಬಂದವರಿಗೆ “ಯಜಮಾನರು ಮನೆಯಲ್ಲಿಲ್ಲ” ಎಂದು ಮಗುವಿನ ಬಾಯಿಂದ ಹೇಳಿಸಿದ ಪಾಪ ನಮಗೂ ಉಂಟು. ಮುಂದೆ ಶಾಲೆಯೊಂದರ ಕಟ್ಟಡಕ್ಕಾಗಿ ನಾವೇ ಆ ಪುಸ್ತಕವನ್ನು ಹಿಡಿದು ಬೀದಿ ಸುತ್ತಬೇಕಾಗಿ ಬಂದಾಗ ಅದರ ಫಲವನ್ನು ಬಡ್ಡಿಸಹಿತ ಉಂಡೆವು.

ಭಿಕ್ಷೆಯಲ್ಲಿ ಮಾಧುಕರೀ ಎಂಬುದೊಂದು ಕ್ರಮವುಂಟು. ತುಂಬಿಯು ಹೂವನ್ನು ನೋಯಿಸದೆ ಒಂದೊಂದರಿಂದ ಒಂದಿಷ್ಟು ಮಕರಂದವನ್ನು ಕೊಳ್ಳುವಂತೆ, ಯತಿಯಾದವನು ಮನೆಮನೆಯಿಂದ ಒಂದೊಂದು ತುತ್ತನ್ನು ಪಡೆಯತಕ್ಕದ್ದು. ಈ ಕ್ರಮವನ್ನು ಲೋಕಹಿತಕ್ಕೆ ತಿರುಗಿಸಿದವರಲ್ಲಿ ಮಹಾರಾಷ್ಟ್ರದ ಭಾವೂರಾವ್ ಪಾಟೀಲರು ಮುಖ್ಯರು. 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದ ಇವರು, 1924ರಲ್ಲಿ ಸಾತಾರೆಯಲ್ಲಿ ಎಲ್ಲ ಜಾತಿಯ ಬಡ ಹುಡುಗರೂ ಒಟ್ಟಿಗೆ ಉಂಡು ಓದುವ ವಿದ್ಯಾರ್ಥಿನಿಲಯವನ್ನು ತೆರೆದರು. ಇಷ್ಟು ಬಾಯಿಗಳಿಗೆ ಅನ್ನವೆಲ್ಲಿಂದ? ಗೃಹಿಣಿಯು ದಿನದ ಅಡಿಗೆಗೆ ಧಾನ್ಯ ತೆಗೆಯುವಾಗ ಒಂದು ಹಿಡಿಯನ್ನು ಬೇರೆಯಾಗಿರಿಸಬೇಕು. ಅದು ನಿಲಯಕ್ಕೆ ಸಲ್ಲಬೇಕು. ಇದೇ ಅವರ ಮುಷ್ಟಿನಿಧಿ. ಅದೂ ಸಾಲದಾದಾಗ ಪತ್ನಿ ಲಕ್ಷ್ಮೀಬಾಯಿಯವರು ತಮ್ಮ ಒಡವೆಗಳನ್ನೇ ಕೊಟ್ಟುಬಿಟ್ಟರು.

ಧನಿಕನ ಸಾವಿರ ಬೇಡವೆಂದು ನಾವು ಹೇಳುತ್ತಿಲ್ಲ. ಕಟ್ಟಡವೇಳಬೇಕಾದರೆ ಸಾವಿರಗಳೇ ಬೇಕು. ಆದರೆ ಸಾವಿರ ಕೊಟ್ಟವನು ತನ್ನ ಹೆಸರಿನ ಶಿಲಾಫಲಕವನ್ನು ನೋಡಲು ಒಮ್ಮೆ ಬರುವನು. ಹಿಡಿ ಜೋಳ ಕೊಟ್ಟ ತಾಯಿಯಾದರೋ “ನಮ್ಮ ಹುಡುಗರು ಉಂಡರೇ?” ಎಂದು ದಿನವೂ ವಿಚಾರಿಸುವಳು.

ಇನ್ನು, ಕೆಲಸ ಮಾಡುವವರ ಹೊಟ್ಟೆಯ ಮಾತು. ಇದನ್ನಾಡಲು ನಮ್ಮ ಜನರಿಗೆ ಬಹಳ ಸಂಕೋಚ. 1884ರಲ್ಲಿ ಪುಣೆಯಲ್ಲಿ ಹುಟ್ಟಿದ ಡೆಕ್ಕನ್ ಎಜುಕೇಷನ್ ಸೊಸೈಟಿಯವರು ಸಂಕೋಚಪಡದೆ ಅದನ್ನು ಕರಾರಿನಲ್ಲಿಯೇ ಇಟ್ಟರು. ಗೋಪಾಲಕೃಷ್ಣ ಗೋಖಲೆಯವರು ತಿಂಗಳಿಗೆ 75 ರೂಪಾಯಿ ಸಂಬಳಕ್ಕೆ 20 ವರ್ಷ ದುಡಿಯಲೊಪ್ಪಿ ಆಜೀವ ಸದಸ್ಯರಾದರು. ಅಂಥ ಸದಸ್ಯರು ಹೊರಗೂ ಸಂಪಾದಿಸಬಹುದೇ ಎಂಬ ಪ್ರಶ್ನೆಯೆದ್ದಾಗ ಕೂಡದೆಂದವರು ತಿಲಕರು. ಮನಸ್ತಾಪ ಬೆಳೆದು 1890ರಲ್ಲಿ ಅವರು ಸಂಸ್ಥೆಯನ್ನೇ ಬಿಟ್ಟರು. ಅಂಥ ಮಹನೀಯರೇ ಸಂಬಳದ ವಿಷಯದಲ್ಲಿ ಒಮ್ಮತಕ್ಕೆ ಬರಲಾರದೆ ಹೋದರೆಂಬುದು ನಮ್ಮಂಥವರಿಗೆ ಒಂದು ಸಮಾಧಾನ!

ಗೋಖಲೆಯವರು ಪಾಠ ಹೇಳುತ್ತಲೇ ಫರ್ಗ್ಯುಸನ್ ಕಾಲೇಜಿಗಾಗಿ ಊರೂರು ತಿರುಗಿ ಹಣ ಕೂಡಿಸಿದರು. 1902ರಲ್ಲಿ ವೈಸರಾಯರ ಶಾಸನಸಭೆಯಲ್ಲಿ ಸರಕಾರದ ಆಯವ್ಯಯವನ್ನೇ ಅವರು ಬಿಡಿಸಿ ತೋರಿಸಿದಾಗ, ಆ ತಿರುಗಾಟದಲ್ಲಿ ಕಲಿತ ಲೆಕ್ಕವೂ ಜನಪರಿಚಯವೂ ನೆರವಾಗಿರಬೇಕೆಂದು ನಮ್ಮ ಊಹೆ. 1905ರಲ್ಲಿ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯನ್ನು ಕಟ್ಟಿದಾಗ ಹೊಸ ಸೇವಕನಿಗೆ 5 ವರ್ಷಗಳ ಶಿಕ್ಷಣವನ್ನೂ, ಅವನ ಕುಟುಂಬಕ್ಕೆ ಸಂಸ್ಥೆಯಿಂದಲೇ ಮಿತವಾದ ನಿರ್ವಾಹವನ್ನೂ ಗೊತ್ತುಮಾಡಿದರು. ನಮ್ಮ ಬೆಳಗಾವಿಯಲ್ಲಿ 1916ರಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದವರೂ ಧನಿಕರಲ್ಲ, ಏಳು ಮಂದಿ ಶಿಕ್ಷಕರು. ಜನ ಅವರನ್ನು ಸಪ್ತರ್ಷಿಗಳೆಂದರು. ಋಷಿಗಳಿಗೂ ಗೃಹಕೃತ್ಯವಿತ್ತೆಂಬುದನ್ನು ಆಡಳಿತ ಮಂಡಲಿಗಳು ಮರೆಯುವುದುಂಟು.

ನಾವು ಬಲ್ಲ ಒಂದು ಸಂಸ್ಥೆಯಲ್ಲಿ ಗುಮಾಸ್ತರೊಬ್ಬರು ಹನ್ನೊಂದು ವರ್ಷ ಚಂದಾ ಎತ್ತಿದರು. ಯಾವ ಮನೆಯಲ್ಲಿ ಮದುವೆ, ಯಾವ ಮನೆಯಲ್ಲಿ ಸೂತಕ, ಎಲ್ಲಿ ಯಾವಾಗ ಕೇಳಬಾರದು, ಎಲ್ಲವೂ ಅವರಿಗೆ ಕಂಠಪಾಠ. ಸಭಾಮಂದಿರವೆದ್ದಿತು, ಅವರ ಸಂಬಳ ಏಳಲಿಲ್ಲ. ಮಗಳ ಮದುವೆಗೆ ಮುಂಗಡ ಕೇಳಿದಾಗ “ಸೇವೆಗೆ ಬೆಲೆಯುಂಟೇ?” ಎಂಬ ಉತ್ತರ ಬಂದಿತು. ಅವರು ಅಕ್ಕಿ ಗಿರಣಿಯೊಂದರ ಲೆಕ್ಕ ಬರೆಯಲು ಹೊರಟುಹೋದರು. ಆ ವರ್ಷ ಚಂದಾ ಅರ್ಧಕ್ಕಿಳಿಯಿತು.

ಮೊನ್ನೆ ಸಂತೆಯಲ್ಲಿ ಸಿಕ್ಕಿದ್ದರು. ಈಗಲೂ ವರ್ಷಕ್ಕೊಮ್ಮೆ ಆ ಸಂಸ್ಥೆಗೆ ಹಣ ಕಳಿಸುವರಂತೆ. ರಸೀತಿ ಮಾತ್ರ ಬರುವುದಿಲ್ಲವೆಂದು ಹೇಳಿ ನಕ್ಕರು.